ಪರರ ಕಾರಿನ ಬೀಗದ ಕೈ



ಬೆಂಗಳೂರಿನಿಂದ ಹೊರಟು ಹೊಸಕೋಟೆ, ನರಸಾಪುರ, ಕೋಲಾರಗಳನ್ನು ಹಾದು ಮುಳಬಾಗಿಲಿನ ಕಡೆಗೆ ಸಾಗುವ 75ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಭಾನುವಾರದ ಬೆಳಗಿನ ಹೊತ್ತು, ಟೊಮೇಟೊ ಹೊತ್ತ ಲಾರಿಗಳ ಮಗ್ಗುಲಲ್ಲಿಯೇ ನೆಲಕ್ಕೆ ತಗ್ಗಿದ ಮೈಯ, ಗುಡುಗಿನಂತಹ ದನಿಯ ಸ್ಪೋರ್ಟ್ಸ್ ಕಾರುಗಳು ಹರಿದುಹೋಗುವುದನ್ನು ಈ ಸೀಮೆಯ ಜನರು ಈಗ ಬೆರಗಿಲ್ಲದೆ ನೋಡುತ್ತಾರೆ. ಅವುಗಳಲ್ಲಿ ಬಹುಪಾಲು ರಾಜಧಾನಿಯಿಂದ ಬಂದು ರಾಜಧಾನಿಗೆ ಹಿಂದಿರುಗತಕ್ಕವು. ಆದರೆ ಅಲ್ಲೊಂದು ಇಲ್ಲೊಂದು ನಮ್ಮ ಊರುಗಳ ಕೊಟ್ಟಿಗೆಯ ಪಕ್ಕದಲ್ಲಿಯೂ ತಂಗತೊಡಗಿರುವುದು ಇತ್ತೀಚಿನ ವಿದ್ಯಮಾನ. ಹೀಗೆ ಬರುವ ಕಾರು ಹೊಸದಾಗಿರುವುದು ಅಪರೂಪ. ಎರಡನೆಯವರ ಕೈಯಿಂದಲೋ ಮೂರನೆಯವರ ಕೈಯಿಂದಲೋ ಬಂದುದಾಗಿರುತ್ತದೆ; ಅದರೊಡನೆ ಬರುವ ಬೀಗದ ಕೈಯೂ ಅನೇಕ ವೇಳೆ ಒಂದೇ ಆಗಿರುತ್ತದೆ. ಆ ಒಂದು ಕೈ ಕಳೆದುಹೋದರೆ ಗತಿಯೇನು, ಇನ್ನೊಂದನ್ನು ಹಳೆಯ ಸಾಮಾನಿನ ಅಂಗಡಿಯಿಂದ ಕಡಮೆ ಬೆಲೆಗೆ ತಂದು ಈ ಕಾರಿಗೆ ಹೊಂದಿಸಲು ಸಾಧ್ಯವೆ, ಸಾಧ್ಯವಾದರೆ ಅದರ ಕ್ರಮವೇನು ಎಂಬ ವಿಷಯವನ್ನು ಕುರಿತು ಈ ಹೊತ್ತು ನಿಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ಅಪೇಕ್ಷಿಸಿದ್ದೇನೆ.

ಉದಾಹರಣೆಗೆ ಒಂದು ಕಾರನ್ನು ಮುಂದಿಟ್ಟುಕೊಳ್ಳೋಣ. ಫೋರ್ಡ್ ಸಂಸ್ಥೆಯ ಮಸ್ಟಾಂಗ್ ಎಂಬುದು 1964ನೆಯ ಇಸವಿಯ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ಲೋಕದ ಕಣ್ಣಿಗೆ ಬಿದ್ದ ಕಾರು. ಅದು ಬಲಗಡೆಯ ಸ್ಟೀರಿಂಗಿನೊಡನೆ, ಐದು ಲೀಟರಿನ ಎಂಟು ಸಿಲಿಂಡರುಗಳ ಎಂಜಿನ್ನಿನೊಡನೆ, ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು 2016ರಲ್ಲಿ. ಆಗಿನ ಷೋರೂಮಿನ ಬೆಲೆ ಸುಮಾರು 65 ಲಕ್ಷ ರೂಪಾಯಿ. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಸಂಸ್ಥೆ ನಮ್ಮ ದೇಶದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿದ ಮೇಲೆ, ಇಲ್ಲಿ ಉಳಿದ ಮಸ್ಟಾಂಗುಗಳು ಕೈಯಿಂದ ಕೈಗೆ ಬದಲಾಗುತ್ತಿವೆ. ಕಾರು ಕೈಬದಲಾದಂತೆ ಅದರ ಬೀಗದ ಕೈಗಳು ಚದುರುವುದೂ ಸ್ವಾಭಾವಿಕವಷ್ಟೆ. ಹೊಸ ಕೈಯೊಂದಕ್ಕೆ ಹತ್ತಾರು ಸಾವಿರ ತೆರಬೇಕಾದಾಗ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿಯೋ ಶಿವಾಜಿನಗರದ ಗುಜರಿಯಲ್ಲಿಯೋ, ಇಲ್ಲವೆ ಅಮೆರಿಕದಲ್ಲಿರುವ ನೆಂಟರ ಮೂಲಕವೋ ಹಳೆಯ ರಿಮೋಟ್ ಕೀಯೊಂದನ್ನು ಸಂಪಾದಿಸುವ ಮನಸ್ಸಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಬೀಗದ ಕೈ ಎಂಬುದು ನಮ್ಮ ಹಿರಿಯರ ಕಾಲದಲ್ಲಿ ಕೇವಲ ಲೋಹದ ಆಕಾರವಾಗಿತ್ತು. ಹಲ್ಲುಗಳ ಏರಿಳಿತ ಸರಿಹೊಂದಿದರೆ ಬೀಗ ತಿರುಗಬೇಕು. ಅರವನ್ನು ಹಿಡಿಯಬಲ್ಲ ಯಾವ ಕುಶಲಿಯೂ ಅದರ ಪ್ರತಿಯನ್ನು ಮಾಡಿಕೊಡಬಲ್ಲ. ಕಾರುಗಳ್ಳರಿಗೂ ಇದು ಅನುಕೂಲವಾಗಿಯೇ ಇತ್ತು. ಈ ಸ್ಥಿತಿಯನ್ನು ಬದಲಿಸಲು ಹೊರಟ ಮೊದಲ ಪ್ರಯತ್ನಗಳಲ್ಲಿ ಒಂದು ನಡೆದದ್ದು ಸ್ಪೋರ್ಟ್ಸ್ ಕಾರಿನಲ್ಲಿಯೇ ಎಂಬುದು ಗಮನಾರ್ಹ. 1986ನೆಯ ಮಾದರಿಯ ಷೆವ್ರೊಲೆ ಕಾರ್ವೆಟ್ ಕಾರಿನ ಬೀಗದ ಕೈಯಲ್ಲಿ ಕರಿಯದೊಂದು ಸಣ್ಣ ಗುಂಡನ್ನು ಹುದುಗಿಸಿದ್ದರು. ಅದರೊಳಗಿನ ವಿದ್ಯುತ್ ಪ್ರತಿರೋಧವನ್ನು ಕಾರು ಅಳೆದು ನೋಡಿ, ತನಗೆ ಗೊತ್ತಾದ ಬೆಲೆಗೆ ಸರಿಹೋದರೆ ಮಾತ್ರ ಎಂಜಿನ್ನಿಗೆ ಅಪ್ಪಣೆ ಕೊಡುತ್ತಿತ್ತು, ಇಲ್ಲವಾದರೆ ಕೆಲವು ನಿಮಿಷಗಳ ಕಾಲ ಮೌನವಾಗಿ ಕುಳಿತುಬಿಡುತ್ತಿತ್ತು. ಆದರೆ ಅಂತಹ ಬೆಲೆಗಳು ಇದ್ದುದು ಹದಿನೈದು ಮಾತ್ರ. ತಾಳ್ಮೆಯುಳ್ಳ ಕಳ್ಳನಿಗೆ ಹದಿನೈದು ದೊಡ್ಡ ಸಂಖ್ಯೆಯಲ್ಲ. ಮುಂದೆ ಹತ್ತು ವರ್ಷಗಳೊಳಗಾಗಿ ಆ ಗುಂಡಿನ ಸ್ಥಾನಕ್ಕೆ ಎಣಿಸಬಲ್ಲ, ನೆನಪಿಟ್ಟುಕೊಳ್ಳಬಲ್ಲ ಚಿಪ್ಪು ಬಂದಿತು. ಯೂರೋಪಿನ ದೇಶಗಳು 1998ರ ಅಕ್ಟೋಬರಿನಿಂದ ಹೊಸ ಕಾರುಗಳಲ್ಲೆಲ್ಲ ಇಂತಹ ಎಂಜಿನ್ ತಡೆಯನ್ನು ಕಡ್ಡಾಯಗೊಳಿಸಿದುವು.

ಈಗಿನ ಒಂದು ರಿಮೋಟ್ ಕೀಯನ್ನು ಬಿಚ್ಚಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಕೋಲಾರದ ಪೇಟೆಯಲ್ಲಿ ಬೀಗದ ಕೈ ಮಾಡುವವರೊಬ್ಬರು ಅಂತಹುದೊಂದನ್ನು ನನ್ನೆದುರಿಗೆ ಬಿಚ್ಚಿ ತೋರಿಸಿದರು. ಮೊದಲು ಪಕ್ಕದ ಗುಬ್ಬಿಯನ್ನು ಒತ್ತಿ ಒಳಗಡೆ ಅಡಗಿದ್ದ ಲೋಹದ ಅಲಗನ್ನು ಸೆಳೆದರು. ಅದೇ ಸೀಳಿನಲ್ಲಿ ತೆಳುವಾದ ಸ್ಕ್ರೂಡ್ರೈವರಿನ ತುದಿಯನ್ನಿಟ್ಟು ಹಗುರವಾಗಿ ತಿರುಚಲು ಪ್ಲಾಸ್ಟಿಕ್ಕಿನ ಎರಡು ಹೋಳುಗಳು ಟಕ್ಕೆಂದು ಬೇರೆಯಾದುವು. ಒಳಗೆ ಇಪ್ಪತ್ತು ಮಿಲಿಮೀಟರ್ ಅಗಲದ ನಾಣ್ಯದಂತಹ ಬ್ಯಾಟರಿ. ಅದರ ಕೆಳಗೆ ಹೆಬ್ಬೆರಳಿನಷ್ಟು ಉದ್ದದ ಹಸಿರು ಹಲಗೆ. ಹಲಗೆಯ ಅಂಚಿನುದ್ದಕ್ಕೂ ಮಡಿಸಿಟ್ಟ ತಾಮ್ರದ ಗೆರೆ. ಮೂಲೆಯಲ್ಲಿ ಕೂದಲಿಗಿಂತ ತೆಳುವಾದ ತಂತಿಯನ್ನು ಮೂರು ದಿಕ್ಕಿಗೂ ಸುತ್ತಿದ ಕರಿಯ ಘನಾಕೃತಿಯೊಂದು. ಮಧ್ಯದಲ್ಲಿ ಎಳ್ಳಿನ ಕಾಳುಗಳಂತಹ ಬಿಡಿಭಾಗಗಳ ನಡುವೆ ಕುಳಿತ ಚೌಕದ ಚಿಪ್ಪು. ಹಲಗೆಯ ಬೆನ್ನ ಮೇಲೆ ಸಣ್ಣ ಅಕ್ಷರಗಳಲ್ಲಿ ತಯಾರಕರ ಸಂಖ್ಯೆಯೂ ತರಂಗದ ಸಂಖ್ಯೆಯೂ ಮುದ್ರಿತವಾಗಿದ್ದುವು. “ಇದನ್ನ ಓದ್ದೆ ಯಾರೂ ಕೀ ತಗೋಬಾರ್ದು ಸಾರ್, ಆದ್ರೆ ಇದನ್ನ ಓದೋರೇ ಇಲ್ಲ” ಎಂದು ಅವರು ಹೇಳಿದ ಮಾತು ಈ ಇಡೀ ವಿಷಯದ ಹೃದಯವೆಂದು ನನಗೆ ತೋರಿತು.

ಈ ಪುಟ್ಟ ಪೆಟ್ಟಿಗೆಯೊಳಗೆ ಇರುವುದು ಒಂದು ಬೀಗದ ಕೈಯಲ್ಲ, ಮೂರು. ಲೋಹದ ಅಲಗು ಬಾಗಿಲಿನದು. ಬ್ಯಾಟರಿ ಸತ್ತ ದಿನ ಉಪಯೋಗಕ್ಕೆ ಬರುವಂತಹುದು. ಗುಂಡಿಯನ್ನು ಒತ್ತಿದಾಗ ದೂರದಿಂದಲೇ ಬಾಗಿಲನ್ನು ತೆರೆಯುವುದು ಎರಡನೆಯದು, ಅದು ಬಾನುಲಿಯ ಕೆಲಸ. ಕಾರಿನ ಒಳಗೆ ಕುಳಿತ ಮೇಲೆ ಎಂಜಿನ್ನಿಗೆ ಅಪ್ಪಣೆ ಕೊಡಿಸುವ ಚಿಪ್ಪು ಮೂರನೆಯದು. ಟ್ರಾನ್ಸ್‌ಪಾಂಡರ್ ಎಂದು ಕರೆಯುವ ಇದಕ್ಕೆ ಬ್ಯಾಟರಿಯೂ ಬೇಕಿಲ್ಲ, ಕಾರಿನೊಳಗಿನ ತಂತಿಯ ಸುರುಳಿಯಿಂದ ಹೊರಡುವ ಸುಮಾರು 125 ಕಿಲೋಹರ್ಟ್ಸಿನ ಕಾಂತಕ್ಷೇತ್ರದಿಂದಲೇ ತನಗೆ ಬೇಕಾದ ಶಕ್ತಿಯನ್ನು ಅದು ಹೀರಿಕೊಳ್ಳುತ್ತದೆ. ಈ ಮೂರನ್ನೂ ಒಂದೇ ಎಂದು ಭಾವಿಸಿ ವ್ಯವಹರಿಸುವುದರಿಂದಲೇ ಬಹುಮಂದಿ ಹಣ ಕಳೆದುಕೊಳ್ಳುತ್ತಾರೆ. ಬಾಗಿಲು ತೆರೆದಿತು, ಆದ್ದರಿಂದ ಎಂಜಿನ್ ಹೊರಡುತ್ತದೆ ಎಂದಾಗಲಿ, ಎಂಜಿನ್ ಹೊರಟಿತು, ಆದ್ದರಿಂದ ಗುಂಡಿ ಕೆಲಸ ಮಾಡುತ್ತದೆ ಎಂದಾಗಲಿ ಊಹಿಸುವಂತಿಲ್ಲ.

ಬಾನುಲಿಯ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವನ್ನು ಸ್ಥಾಪಿಸಿ ಕನ್ನಡದ ದನಿಯನ್ನು ಗಾಳಿಗೆ ಬಿಟ್ಟಾಗ, ಅಂತಹ ಪ್ರಸಾರಯಂತ್ರವೊಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಇರುವ ಕಾಲ ಬಂದೀತೆಂದು ಯಾರೂ ನೆನೆಸಿರಲಾರರು. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಕೇಂದ್ರ 612 ಕಿಲೋಹರ್ಟ್ಸಿನಲ್ಲಿ ಪ್ರಸಾರ ಮಾಡುವುದು 200 ಕಿಲೋವ್ಯಾಟ್ ಸಾಮರ್ಥ್ಯದಿಂದ; ಆ ತರಂಗದ ಉದ್ದ ಅರ್ಧ ಕಿಲೋಮೀಟರಿಗೆ ತುಸು ಕಡಮೆ. ನಮ್ಮ ದೇಶದ ಕಾರುಗಳ ಕೀ ನುಡಿಯುವುದು ಸಾಮಾನ್ಯವಾಗಿ 433.92 ಮೆಗಾಹರ್ಟ್ಸಿನಲ್ಲಿ, ಅದರ ತರಂಗದ ಉದ್ದ ಎಪ್ಪತ್ತು ಸೆಂಟಿಮೀಟರಿನೊಳಗೆ, ಆದ್ದರಿಂದಲೇ ಆ ಮಡಿಸಿಟ್ಟ ತಾಮ್ರದ ಗೆರೆಯೇ ಅದಕ್ಕೆ ಆಂಟೆನವಾಗಬಲ್ಲುದು. ಪರವಾನಗಿಯಿಲ್ಲದೆ ಈ ಪಟ್ಟಿಯಲ್ಲಿ ನುಡಿಯಲು ಸರ್ಕಾರ ಅನುಮತಿಸಿರುವ ಶಕ್ತಿ ಹತ್ತು ಮಿಲಿವ್ಯಾಟ್, ಎಂದರೆ ಆಕಾಶವಾಣಿಯ ಆ ಕೇಂದ್ರದ ಶಕ್ತಿಯಲ್ಲಿ ಎರಡು ಕೋಟಿ ಪಾಲಿನಲ್ಲಿ ಒಂದು ಪಾಲು. ಅಮೆರಿಕದಲ್ಲಾದರೋ ಕಾರಿನ ಕೀಗಳು ಬಹುಮಟ್ಟಿಗೆ 315 ಮೆಗಾಹರ್ಟ್ಸಿನಲ್ಲಿ ನುಡಿಯುತ್ತವೆ; ಅಲ್ಲಿಯ ಮಸ್ಟಾಂಗಿನ ಕೆಲವು ಕೀಗಳು 902ರಲ್ಲಿ. ಆದಕಾರಣ ಅಲ್ಲಿಂದ ಪ್ರೀತಿಯಿಂದ ತಂದುಕೊಟ್ಟ ಕೀ, ನೋಟಕ್ಕೆ ತದ್ವತ್ತಾಗಿದ್ದರೂ, ಇಲ್ಲಿಯ ಕಾರಿನ ಕಿವಿಗೆ ಬೀಳುವುದೇ ಇಲ್ಲ. ಅದರೊಳಗಿನ ಟ್ರಾನ್ಸ್‌ಪಾಂಡರ್ ಹೊಂದಿಕೊಂಡು ಎಂಜಿನ್ ಹೊರಟರೂ ಹೊರಡಬಹುದು. ಗುಂಡಿಗಳು ಮಾತ್ರ ಎಂದೆಂದಿಗೂ ಮೂಕವಾಗಿರುತ್ತವೆ. ಯಾವ ಯಂತ್ರದಿಂದ ಎಷ್ಟು ಸಲ ಪ್ರೋಗ್ರಾಮ್ ಮಾಡಿದರೂ ಈ ಕೊರತೆ ತೀರದು, ಏಕೆಂದರೆ ಇದು ಪಾಠದ ಕೊರತೆಯಲ್ಲ, ಕಂಠದ ಕೊರತೆ.

ಕೀ ನುಡಿಯುವುದಾದರೂ ಏನನ್ನು? ಪ್ರತಿ ಸಲವೂ ಒಂದೇ ಗುಪ್ತಸಂಖ್ಯೆಯನ್ನು ನುಡಿಯುವುದಾದರೆ, ಮರೆಯಲ್ಲಿ ನಿಂತವನು ಅದನ್ನು ಹಿಡಿದಿಟ್ಟುಕೊಂಡು ಮರುದಿನ ತಾನೇ ನುಡಿದು ಬಾಗಿಲನ್ನು ತೆರೆಸಿಬಿಡಬಹುದು. ಇದನ್ನು ತಪ್ಪಿಸಲು, 1980ರ ದಶಕದ ನಡುವೆ ದಕ್ಷಿಣ ಆಫ್ರಿಕದ ತಂತ್ರಜ್ಞರು ಕೀಲಾಕ್ ಎಂಬ ಕ್ರಮವನ್ನು ರೂಪಿಸಿದರು. 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಸಂಸ್ಥೆ ಅದನ್ನು ಕೊಂಡುಕೊಂಡ ಮೇಲೆ ಅದು ಲೋಕದಲ್ಲೆಲ್ಲ ಹರಡಿತು. ಅದರ ಬಗೆ ಹೀಗೆ: ಒಂದೇ ತಾಳೆಗರಿಯ ಗ್ರಂಥದ ಎರಡು ಪ್ರತಿಗಳು ಇವೆ, ಲೋಕದಲ್ಲಿ ಮೂರನೆಯದು ಇಲ್ಲವೆಂದು ಭಾವಿಸಿರಿ. ಒಂದು ಕಾರಿನಲ್ಲಿದೆ, ಇನ್ನೊಂದು ಕೀಯಲ್ಲಿದೆ. ಗುಂಡಿ ಒತ್ತಿದಾಗಲೆಲ್ಲ ಕೀ ಮುಂದಿನ ಸಾಲನ್ನು ಓದುತ್ತದೆ; ಕಾರು ತನ್ನ ಪ್ರತಿಯಲ್ಲಿ ಆ ಸಾಲನ್ನು ನೋಡಿ ಒಪ್ಪಿ, ಒಮ್ಮೆ ಓದಿದ ಸಾಲನ್ನು ಮತ್ತೆಂದೂ ಒಪ್ಪದೆ ಮುಂದಕ್ಕೆ ಸಾಗುತ್ತದೆ. ಮನೆಯ ಮಗು ಆಟಕ್ಕೆ ನಾಲ್ಕಾರು ಬಾರಿ ಗುಂಡಿ ಒತ್ತಿ ಕೀಯು ಮುಂದೆ ಹೋಗಿಬಿಟ್ಟಿದ್ದರೆ, ಕಾರು ಕೆಲವು ಸಾಲುಗಳಷ್ಟು ಮುಂದೆಯೂ ಹುಡುಕಿ ನೋಡುತ್ತದೆ. ಟ್ರಾನ್ಸ್‌ಪಾಂಡರಿನ ಕ್ರಮ ಇದಕ್ಕಿಂತಲೂ ಗಂಭೀರವಾದುದು: ಕಾರು ಆಗತಾನೆ ತೋಚಿದ ಒಂದು ಸಂಖ್ಯೆಯನ್ನು ಕೇಳುತ್ತದೆ, ಚಿಪ್ಪು ತನ್ನೊಳಗಿನ ರಹಸ್ಯದೊಡನೆ ಅದನ್ನು ಬೆರಸಿ ಲೆಕ್ಕಹಾಕಿ ಉತ್ತರವನ್ನು ಮಾತ್ರ ಕಳುಹಿಸುತ್ತದೆ, ರಹಸ್ಯ ಎಂದಿಗೂ ಗಾಳಿಗೆ ಬರುವುದಿಲ್ಲ. ಬೀಗದ ಕೈಯನ್ನು ಪ್ರೋಗ್ರಾಮ್ ಮಾಡುವುದು ಎಂದರೆ, ಈ ರಹಸ್ಯವನ್ನು ಕಾರೂ ಕೀಯೂ ಇಬ್ಬರೂ ಅರಿತಿರುವಂತೆ ಮಾಡುವುದು, ಇಷ್ಟೆ.

ಈ ದೃಷ್ಟಿಯಿಂದ ನೋಡಿದರೆ ಹಳೆಯ ಕೀಯ ತೊಡಕು ಎಲ್ಲಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಅದು ಈಗಾಗಲೇ ಪರರ ಕಾರೊಂದರ ರಹಸ್ಯವನ್ನು ಎದೆಯಲ್ಲಿಟ್ಟುಕೊಂಡಿದೆ. ಅದನ್ನು ಮರೆಯಲು ಆ ಚಿಪ್ಪಿಗೆ ಅವಕಾಶವಿದೆಯೆ ಎಂಬುದೇ ಪ್ರಶ್ನೆ. ಕೆಲವು ತಯಾರಕರ ಕೀಗಳು ಎಷ್ಟು ಬಾರಿಯಾದರೂ ಹೊಸ ಕಾರಿಗೆ ಒಗ್ಗಿಕೊಳ್ಳುತ್ತವೆ. ಫೋರ್ಡ್ ಕಾರುಗಳ ಕೀಗಳು ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತವೆ. ಇನ್ನು ಕೆಲವರ ಚಿಪ್ಪುಗಳು ಒಮ್ಮೆ ಬರೆದ ಮೇಲೆ ಮುದ್ರೆಯೊತ್ತಿದಂತೆ ಭದ್ರವಾಗಿಬಿಡುತ್ತವೆ. ಟೊಯೋಟ, ಬಿಎಂಡಬ್ಲ್ಯು ಕಾರುಗಳ ಅನೇಕ ಕೀಗಳು ಹೀಗೆ. ಅವನ್ನು ಮತ್ತೆ ಖಾಲಿ ಮಾಡುವ ಯಂತ್ರಗಳು ಪೇಟೆಯಲ್ಲಿ ಉಂಟು, ಆ ವಿದ್ಯೆ ಬಲ್ಲವರೂ ಉಂಟು. ಆದರೆ ಆ ಕೆಲಸಕ್ಕೆ ತಗಲುವ ವೆಚ್ಚವನ್ನು ಕೂಡಿಸಿದರೆ, ಅಗ್ಗವೆಂದು ಕೊಂಡುದು ಅಗ್ಗವಾಗಿ ಉಳಿಯುವುದಿಲ್ಲ. ಲೋಹದ ಅಲಗಂತೂ ಹೇಗೂ ಹೊಂದದು, ಹಳೆಯ ಅಲಗನ್ನು ಬಿಸುಟು ನಮ್ಮ ಬೀಗಕ್ಕೆ ತಕ್ಕ ಹೊಸದನ್ನು ಕೊಯ್ಸಿಕೊಳ್ಳಬೇಕು.

ಕ್ರಮವನ್ನು ಹೇಳುತ್ತೇನೆ. ಫೋರ್ಡ್ ಕಾರುಗಳಲ್ಲಿ, ಈಗಾಗಲೇ ಕಾರಿಗೆ ಪರಿಚಿತವಾದ ಎರಡು ಕೀಗಳು ಕೈಯಲ್ಲಿದ್ದರೆ, ಮೂರನೆಯದನ್ನು ಒಡೆಯನೇ ಸೇರಿಸಿಕೊಳ್ಳಬಹುದೆಂದು ಕಾರಿನೊಡನೆ ಬರುವ ಕೈಪಿಡಿಯೇ ಹೇಳುವುದುಂಟು. ಹಳೆಯ ಎರಡನ್ನೂ ಒಂದಾದ ಮೇಲೊಂದರಂತೆ, ಗೊತ್ತುಮಾಡಿದ ಕೆಲವೇ ಸೆಕೆಂಡುಗಳ ಅಂತರದಲ್ಲಿ ಕಾರಿಗೆ ತೋರಿಸಿ, ಆ ಕೂಡಲೇ ಹೊಸದನ್ನು ತೋರಿಸಬೇಕು. ಗುಂಡಿ ಒತ್ತಿ ಹೊರಡುವ ಕಾರಿನಲ್ಲಾದರೆ ಕೀಯನ್ನು ಅದಕ್ಕೆಂದೇ ಮಾಡಿರುವ ಗೂಡಿನಲ್ಲಿಟ್ಟು ತೋರಿಸಬೇಕು. ಹೀಗೆ ಅನೇಕ ಮಾದರಿಗಳಲ್ಲಿ ಎಂಟು ಕೀಗಳವರೆಗೆ ಕಾರು ನೆನಪಿಟ್ಟುಕೊಳ್ಳುತ್ತದೆ. ಇಬ್ಬರು ಹಳಬರ ಸಾಕ್ಷಿಯಿಲ್ಲದೆ ಹೊಸಬನನ್ನು ಸೇರಿಸದಿರುವ ಈ ನಿಯಮದಲ್ಲಿ ವಿವೇಕವಿದೆ: ಗಾಡಿ ತೊಳೆಯಲೆಂದು ಒಂದು ಕೀಯನ್ನು ಒಪ್ಪಿಸಿಕೊಂಡವನು ಸಂಜೆಯೊಳಗಾಗಿ ಗುಟ್ಟಾಗಿ ಇನ್ನೊಂದನ್ನು ಮಾಡಿಕೊಳ್ಳುವಂತಿಲ್ಲ. ಕೈಯಲ್ಲಿರುವುದು ಒಂದೇ ಕೀಯಾದರೆ, ಅಥವಾ ಒಂದೂ ಇಲ್ಲವಾದರೆ, ಸ್ಟೀರಿಂಗಿನ ಕೆಳಗಡೆಯ ಹದಿನಾರು ಮೊಳೆಗಳ ಸಾಕೆಟ್ಟಿಗೆ ಪ್ರೋಗ್ರಾಮ್ ಮಾಡುವ ಯಂತ್ರವನ್ನು ಸಿಕ್ಕಿಸಿ ಕೆಲಸ ಮಾಡಿಸಬೇಕಾಗುತ್ತದೆ. ಆಗ ಫೋರ್ಡ್ ಕಾರುಗಳು ಬಹುಕಾಲದಿಂದ ಹತ್ತು ನಿಮಿಷಗಳ ವಿರಾಮವನ್ನು ಬೇಡುತ್ತ ಬಂದಿವೆ. ಆ ಹತ್ತು ನಿಮಿಷವೂ ಯಂತ್ರ ಸುಮ್ಮನೆ ಕಾಯಬೇಕು. ಅವಸರವುಳ್ಳ ಒಡೆಯನಿಗೆ ಇದು ವ್ಯರ್ಥವೆಂದು ತೋರಬಹುದಾದರೂ, ಬೀದಿಯಲ್ಲಿ ನಿಲ್ಲಿಸಿದ ಪರರ ಕಾರಿನೊಳಗೆ ಕುಳಿತ ಕಳ್ಳನಿಗೆ ಹತ್ತು ನಿಮಿಷವೆಂಬುದು ಸಣ್ಣ ಅವಧಿಯಲ್ಲ. ಕಾದ ಮೇಲೆ ಹಳೆಯ ಕೀಗಳನ್ನೆಲ್ಲ ಅಳಿಸಿಬಿಟ್ಟರೆ, ಕನಿಷ್ಠ ಎರಡು ಕೀಗಳನ್ನು ಹೊಸದಾಗಿ ಪರಿಚಯಿಸುವವರೆಗೂ ಎಂಜಿನ್ ಹೊರಡುವುದಿಲ್ಲ. ಒಂದೇ ಕೀಯನ್ನು ಹಿಡಿದು ಅಂಗಡಿಗೆ ಹೋದವರು ಅನೇಕರು ಇದನ್ನರಿಯದೆ ಅಲ್ಲಿಯೇ ಸಿಕ್ಕಿಬೀಳುತ್ತಾರೆ. ಇಷ್ಟರ ನಡುವೆ ಕಾರಿನ ಬ್ಯಾಟರಿ ಕುಸಿದರೆ ಕೆಲಸ ಅರ್ಧಕ್ಕೆ ನಿಂತು ತೊಡಕಿಗಿಟ್ಟುಕೊಳ್ಳುವುದರಿಂದ, ಬಲ್ಲವರು ಮೊದಲೇ ಚಾರ್ಜರನ್ನು ತಗಲಿಸಿರುತ್ತಾರೆ.

ಕೀಗಳನ್ನು ಸೇರಿಸುವ, ಅಳಿಸುವ ಈ ಸಾಮರ್ಥ್ಯ ಯಾರ ಕೈಯಲ್ಲಿರಬೇಕು ಎಂಬ ವಿಚಾರವೊಂದುಂಟು. ತಯಾರಕರು ಇದನ್ನು ತಮ್ಮ ಅಧಿಕೃತ ಗ್ಯಾರೇಜುಗಳೊಳಗೇ ಇಟ್ಟುಕೊಳ್ಳಲು ಬಯಸುತ್ತಾರೆ. ರಹಸ್ಯವೇ ರಕ್ಷಣೆ ಎಂಬುದು ಅವರ ವಾದ. ಆ ವಾದ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಒಂದು ನಿದರ್ಶನವುಂಟು. 2012ರಲ್ಲಿ ನೆದರ್ಲೆಂಡ್ಸ್ ಮತ್ತು ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳ ಮೂವರು ಸಂಶೋಧಕರು, ಪೋರ್ಷೆ, ಫೆರಾರಿ, ಮಾಸೆರಾಟಿಗಳಂತಹ ಕಾರುಗಳಲ್ಲಿಯೂ ಬಳಕೆಯಾಗಿದ್ದ ಮೆಗಾಮೋಸ್ ಎಂಬ ಟ್ರಾನ್ಸ್‌ಪಾಂಡರಿನ ರಹಸ್ಯಕ್ರಮದಲ್ಲಿ ದೌರ್ಬಲ್ಯಗಳನ್ನು ಕಂಡುಹಿಡಿದರು. ಫೋಕ್ಸ್‌ವಾಗನ್ ಸಂಸ್ಥೆ 2013ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದಿಂದ ತಡೆಯಾಜ್ಞೆ ತಂದು ಆ ಪ್ರಬಂಧದ ಪ್ರಕಟಣೆಯನ್ನು ನಿಲ್ಲಿಸಿತು. ಕೊನೆಗೆ ಅದು ಒಂದೇ ಒಂದು ವಾಕ್ಯವನ್ನು ಬಿಟ್ಟು 2015ರಲ್ಲಿ ಬೆಳಕು ಕಂಡಿತು. ಆ ಎರಡು ವರ್ಷಗಳ ಕಾಲ ದೌರ್ಬಲ್ಯವು ಕಾರುಗಳಲ್ಲಿ ಇದ್ದೇ ಇತ್ತು. ತಿಳಿಯದೆ ಹೋದದ್ದು ಅವುಗಳ ಒಡೆಯರಿಗೆ. ಬೀಗದ ರಚನೆ ಶತ್ರುವಿಗೆ ಸಂಪೂರ್ಣವಾಗಿ ಗೊತ್ತಿದ್ದರೂ ಕೈಯೊಂದು ಗುಪ್ತವಾಗಿದ್ದರೆ ಸಾಕು ಎನ್ನುವಂತಿರಬೇಕೆಂಬ ತತ್ತ್ವವನ್ನು ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸ 1883ರಷ್ಟು ಹಿಂದೆಯೇ ಪ್ರತಿಪಾದಿಸಿದ್ದಾನೆ. ಆ ಮಾತು ಇಂದಿಗೂ ಸತ್ಯವೆಂದು ನಾನು ದೃಢವಾಗಿ ನಂಬುತ್ತೇನೆ. ಕಾರನ್ನು ಕೊಂಡವನಿಗೆ, ಅವನು ಎಷ್ಟನೆಯ ಒಡೆಯನೇ ಆಗಿರಲಿ, ತನ್ನ ಕಾರು ಯಾವ ಯಾವ ಕೈಗಳನ್ನು ಬಲ್ಲುದು ಎಂದು ತಿಳಿಯುವ ಹಕ್ಕೂ, ಬೇಡವಾದುದನ್ನು ಅಳಿಸುವ ಹಕ್ಕೂ ಇರಬೇಕಾದುದು ನ್ಯಾಯ. ಅದಕ್ಕೆ ಪ್ರತಿಯಾಗಿ, ಆ ಕೆಲಸ ಮಾಡಿಕೊಡುವವರು ಆರ್.ಸಿ. ಪುಸ್ತಕವನ್ನೂ ಗುರುತಿನ ಚೀಟಿಯನ್ನೂ ನೋಡದೆ ಯಾರ ಕಾರಿಗೂ ಯಂತ್ರ ಸಿಕ್ಕಿಸಬಾರದೆಂಬುದೂ ಅಷ್ಟೇ ನ್ಯಾಯ. ನಾನು ಹೇಳಿದ ಕೋಲಾರದ ಕುಶಲಿಯು ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಮುಖಪರಿಚಯವಿದ್ದವರಿಗೂ “ಅಣ್ಣಾ, ಬುಕ್ಕು ತಗೊಂಡ್ ಬನ್ನಿ, ಆಮೇಲೆ ಮಾಡ್ಕೊಡ್ತೀನಿ” ಎಂದು ಹಿಂದಕ್ಕೆ ಕಳುಹಿಸಿದುದನ್ನು ನಾನು ನೋಡಿದ್ದೇನೆ.

ಹುತ್ತೂರು ಹೋಬಳಿಯ ಹಳ್ಳಿಯಲ್ಲಿಯೇ ಆಗಲಿ, ಮಾಲೂರು, ಶ್ರೀನಿವಾಸಪುರ, ಮುಳಬಾಗಿಲುಗಳಲ್ಲಿಯೇ ಆಗಲಿ, ಹಳೆಯ ಕಾರೊಂದನ್ನು, ಅದು ಮಸ್ಟಾಂಗೇ ಇರಲಿ ಮಾರುತಿಯೇ ಇರಲಿ, ಕೊಳ್ಳಲು ಹೊರಟಿರುವ ಕೇಳುಗರಲ್ಲಿ ನನ್ನ ವಿಜ್ಞಾಪನೆ ಇದು. ಹಣ ಎಣಿಸುವ ಮೊದಲು ಎರಡು ಕೀಗಳನ್ನೂ ಕೇಳಿ ಪಡೆಯಿರಿ. ಒಂದೇ ಇದ್ದರೆ ಇನ್ನೊಂದರ ಬೆಲೆಯನ್ನು ಕಾರಿನ ಬೆಲೆಯಲ್ಲಿ ಮುರಿದುಕೊಳ್ಳಿರಿ. ಹಳೆಯ ಕೀ ಕೊಳ್ಳುವುದಾದರೆ ಅದರ ಬೆನ್ನಿನ ಸಂಖ್ಯೆಯನ್ನೂ ತರಂಗವನ್ನೂ ನಿಮ್ಮ ಕೀಯ ಜೊತೆಗಿಟ್ಟು ಓದಿ ನೋಡಿರಿ. ಹೊಂದದಿದ್ದರೆ ಹಣ ವಾಪಸು ಎಂಬ ಮಾತನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿರಿ. ಕಾರು ನಿಮ್ಮ ಹೆಸರಿಗೆ ಬಂದ ವಾರದಲ್ಲಿಯೇ, ಮೊದಲ ಕೀ ಇನ್ನೂ ಜೀವಂತವಾಗಿರುವಾಗಲೇ, ಎಲ್ಲವನ್ನೂ ಅಳಿಸಿ ನಿಮ್ಮ ಕೈಯಲ್ಲಿರುವ ಎರಡನ್ನು ಮಾತ್ರ ಹೊಸದಾಗಿ ಬರೆಯಿಸಿರಿ. ಹಿಂದಿನ ಒಡೆಯರ ಮನೆಯ ಯಾವುದೋ ಗೂಟದಲ್ಲಿ ತೂಗುತ್ತಿರುವ ಮೂರನೆಯ ಕೀ ಅಂದಿಗೆ ನಿಮ್ಮ ಎಂಜಿನ್ನಿನ ಮೇಲಣ ಅಧಿಕಾರವನ್ನು ಕಳೆದುಕೊಳ್ಳುತ್ತದೆ.